ಇಡುಗಂಟು

ಪ್ರಯಾಣ ಹೊರಡುವವನು ಮನೆಯ ಬಾಗಿಲಿಗೆ ಬೀಗ ಹಾಕಿ, ಅದನ್ನು ಎರಡು ಸಲ ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋದ ಮೇಲೆ ಮತ್ತೆ ಹಿಂದಿರುಗಿ ಮೂರನೆಯ ಸಲ ಜಗ್ಗಿ ನೋಡುವುದು ಲೋಕರೂಢಿ. ಈ ಮೂರನೆಯ ಜಗ್ಗಾಟಕ್ಕೆ ಕಾರಣ ಕಳ್ಳನ ಭಯವಲ್ಲ. ತನ್ನ ಮರೆವಿನ ಭಯ. ಕಳ್ಳನು ವರ್ಷಕ್ಕೊಮ್ಮೆಯೂ ಬಾರದೆ ಇರಬಹುದು, ಮರೆವಾದರೋ ದಿನಕ್ಕೆ ಹತ್ತು ಬಾರಿ ಬಂದು ಹೋಗುವ ನೆಂಟ.

ಗೌರಿಬಿದನೂರಿನ ನಿವೃತ್ತ ಉಪಾಧ್ಯಾಯರೊಬ್ಬರು ಈ ನೆಂಟನನ್ನು ಹೊಸ್ತಿಲಾಚೆಯೇ ನಿಲ್ಲಿಸುವ ವಿದ್ಯೆಯಲ್ಲಿ ಪಾರಂಗತರು. ಅವರ ಬಾಲ್ಯವೆಲ್ಲ ಕಳೆದುದು ಚಿಂತಾಮಣಿಯಲ್ಲಿ. ಆ ಕಾಲದಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಪೋಣಿಸಿಕೊಂಡು ಕಿರಿದಾದ ಹಳಿಗಳ ಮೇಲೆ ಒಂದು ಪುಟ್ಟ ರೈಲು ಓಡಾಡುತ್ತಿತ್ತು. ಅದೇ ದಾರಿಯಲ್ಲಿ ದೊಡ್ಡ ಹಳಿಯ ರೈಲು ಕೋಲಾರದವರೆಗೆ ಓಡಲಾರಂಭಿಸಿದುದು 2013ರಲ್ಲಿ. ಆ ಪುಟ್ಟ ರೈಲಿನಲ್ಲಿ ಮನೆಮಂದಿಯೆಲ್ಲ ಮದುವೆ ಮುಂಜಿಗಳಿಗೆಂದು ಹೊರಟಾಗ ಅವರ ತಂದೆ ಮೂರು ನಿಯಮಗಳನ್ನು ಪಾಲಿಸುತ್ತಿದ್ದರಂತೆ. ಹಣವನ್ನು ಎಂದೂ ಒಂದೇ ಕಡೆ ಇಡತಕ್ಕದ್ದಲ್ಲ. ಒಂದಿಷ್ಟು ಅಂಗಿಯ ಒಳಜೇಬಿನಲ್ಲಿ, ಒಂದಿಷ್ಟು ಟ್ರಂಕಿನ ತಳದಲ್ಲಿ, ಒಂದಿಷ್ಟು ಮನೆಯಾಕೆಯ ಸೆರಗಿನ ಗಂಟಿನಲ್ಲಿ. ಟ್ರಂಕಿನ ಬೀಗದ ಕೈ ಟ್ರಂಕಿನ ಬಳಿ ಇರತಕ್ಕದ್ದಲ್ಲ, ಅದು ಉಡಿದಾರದಲ್ಲಿ. ಮೂರನೆಯದಾಗಿ, ಟ್ರಂಕಿನಲ್ಲಿ ಏನೇನಿದೆಯೆಂಬ ಪಟ್ಟಿಯ ಒಂದು ಪ್ರತಿ ಮನೆಯಲ್ಲಿಯೇ ಉಳಿಯತಕ್ಕದ್ದು. ಏಕೆಂದರೆ, ಕಳೆದುಹೋದುದರ ಲೆಕ್ಕ ಕಳೆದುಕೊಂಡವನಿಗೇ ತಿಳಿಯದಿದ್ದರೆ ಹುಡುಕುವವರು ಏನೆಂದು ಹುಡುಕಬೇಕು?

ಉಪಾಧ್ಯಾಯರ ಮಗಳು ಈ ಕಥೆಯನ್ನು ಕೇಳಿ ಕೇಳಿ ಬೆಳೆದವಳು. ಕೇಳಿ ಬೆಳೆದ ಮಾತ್ರಕ್ಕೆ ಅದನ್ನು ಪಾಲಿಸಬೇಕೆಂಬ ನಿಯಮವೇನೂ ಇಲ್ಲವಷ್ಟೆ! ಆಕೆ ಲೆಕ್ಕಪತ್ರದ ವಿದ್ಯೆ ಕಲಿತು, ಚಿಕ್ಕಬಳ್ಳಾಪುರದಲ್ಲಿ ಒಂದು ಚಿಕ್ಕ ಕಚೇರಿಯನ್ನು ಇಟ್ಟುಕೊಂಡಿದ್ದಾಳೆ. ಮಂಚೇನಹಳ್ಳಿಯ ಮೇಲಿನ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ವಾರದಲ್ಲಿ ಎರಡು ದಿನ ಅಲ್ಲಿಂದ ಮುಂದಕ್ಕೆ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಹೋಗುವುದುಂಟು. ಶಿಡ್ಲಘಟ್ಟವೆಂದರೆ ರೇಷ್ಮೆ, ಅಲ್ಲಿಯ ನೂಲು ಬಿಚ್ಚಾಣಿಕೆದಾರರು ಹಲವರು ಆಕೆಗೆ ತಮ್ಮ ಲೆಕ್ಕ ಒಪ್ಪಿಸಿದ್ದಾರೆ. ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ಹಿಂದೆ ಕೈಬೆರಳುಗಳಲ್ಲಿಯೂ ಕೈಚೀಟಿಗಳಲ್ಲಿಯೂ ಮುಗಿಯುತ್ತಿದ್ದ ವ್ಯವಹಾರವೆಲ್ಲ ಮೊಬೈಲಿಗೂ ಬ್ಯಾಂಕಿನ ಖಾತೆಗೂ ಏರಿದೆ. ಹೀಗಾಗಿ ಯಾರ ಸಾಲ ಎಷ್ಟು, ಯಾರ ಮನೆಯ ಮದುವೆಗೆ ಎಷ್ಟು ಹಣ ತೆಗೆದರು, ಯಾರ ವ್ಯಾಪಾರ ಹೊರಗೆ ಕಾಣುವಷ್ಟು ಚೆನ್ನಾಗಿಲ್ಲ ಎಂಬುದೆಲ್ಲ ಆಕೆಯ ಲ್ಯಾಪ್‌ಟಾಪಿನಲ್ಲಿ ಸೇರಿತ್ತು. ಆಧಾರ್ ಚೀಟಿಯ ಪ್ರತಿ, ಪಾನ್ ಸಂಖ್ಯೆ, ಪಾಸ್‌ಪುಸ್ತಕದ ಹಾಳೆಗಳ ಚಿತ್ರ, ಎಲ್ಲವೂ ಅದರಲ್ಲಿಯೇ. ತೂಕ ಎರಡು ಸೇರು ಬೆಲ್ಲದಷ್ಟೂ ಇಲ್ಲ. ಒಳಗೆ ನಲವತ್ತು ಮನೆಗಳ ಗುಟ್ಟು.

ಆ ದಿನ ಬಸ್ಸಿನಲ್ಲಿ ವಿಪರೀತ ನೂಕುನುಗ್ಗಲು. 2023ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಜಿಲ್ಲೆಯ ಬಸ್ಸುಗಳು ಎಂದೂ ಬರಿದಾಗಿ ಓಡಿದ್ದಿಲ್ಲ. ಪುಣ್ಯಕ್ಕೆ ಚಿಕ್ಕಬಳ್ಳಾಪುರದಲ್ಲಿ ಆಕೆಗೆ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಹೆಗಲಿನಲ್ಲಿ ಎರಡು ಚೀಲ: ಒಂದರಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಮೊಸರನ್ನದ ಡಬ್ಬಿ. ಎರಡನ್ನೂ ತೊಡೆಯ ಮೇಲಿಟ್ಟುಕೊಳ್ಳಲು ಎಡೆಯಿರಲಿಲ್ಲ. ಮೊಸರನ್ನ ಚೆಲ್ಲೀತೆಂಬ ಭಯದಿಂದ ಡಬ್ಬಿಯ ಚೀಲ ತೊಡೆಯ ಮೇಲೆ ಉಳಿಯಿತು. ನಲವತ್ತು ಮನೆಗಳ ಗುಟ್ಟು ತಲೆಯ ಮೇಲಿನ ಅಟ್ಟಕ್ಕೆ ಏರಿತು.

ಶಿಡ್ಲಘಟ್ಟ ಬರುವ ಹೊತ್ತಿಗೆ ಯಾರದೋ ಫೋನು. ಮಾತನಾಡುತ್ತಲೇ ಎದ್ದು, ಮಾತನಾಡುತ್ತಲೇ ಜನರನ್ನು ಸರಿಸಿಕೊಂಡು ಇಳಿದದ್ದಾಯಿತು. ಮೊಸರನ್ನ ಕ್ಷೇಮವಾಗಿ ಇಳಿಯಿತು. ಗೂಡಿನ ಮಾರುಕಟ್ಟೆಯ ಬಾಗಿಲ ಬಳಿ ಬಂದು ಹೆಗಲಿನ ಭಾರ ಎಂದಿಗಿಂತ ಹಗುರವಾಗಿದೆಯಲ್ಲ ಎಂದು ತೋರಿದಾಗ ಎದೆ ಧಸಕ್ಕೆಂದಿತು. ಬಸ್ಸು ಆಗಲೇ ಚಿಂತಾಮಣಿಯ ಹಾದಿ ಹಿಡಿದಿತ್ತು.

ಆಕೆ ಬಸ್ ನಿಲ್ದಾಣಕ್ಕೆ ಓಡಿದಳು. ಅಲ್ಲಿದ್ದವರು ಫೋನು ಮಾಡಿದರು. ಉತ್ತರ ಬರುವಷ್ಟರಲ್ಲಿ ಮುಂದಿನ ಬಸ್ಸು ಬಂತು, ಹತ್ತಿಬಿಟ್ಟಳು. ದಾರಿಯುದ್ದಕ್ಕೂ ಹಿಪ್ಪುನೇರಳೆಯ ತೋಟಗಳು ಹಿಂದೆ ಸರಿದವು. ಆಕೆಯ ಕಣ್ಣಿಗೆ ಬಿದ್ದುದು ಒಂದೂ ಇಲ್ಲ. ಚಿಂತಾಮಣಿಯ ನಿಲ್ದಾಣದ ಕೊಠಡಿಯಲ್ಲಿ, ಯಾರದೋ ಊಟದ ಕ್ಯಾರಿಯರಿನ ಪಕ್ಕದಲ್ಲಿ, ಆ ಚೀಲ ಸಾಧುವಾಗಿ ಕುಳಿತಿತ್ತು. ಕಳೆದು ಸುಮಾರು ಎರಡು ಗಂಟೆಯಾಗಿತ್ತು. ಕಂಡಕ್ಟರು ಒಪ್ಪಿಸಿ ಹೋಗಿದ್ದರು. “ಹೆಸರೋ ವಿಳಾಸವೋ ಇರಬಹುದು ಅಂತ ತೆಗೆದು ನೋಡಿದೆವಮ್ಮಾ, ಏನೂ ಸಿಗಲಿಲ್ಲ. ಒಂದು ಚೀಟಿ ಬರೆದಿಡಬಾರದೆ?” ಎಂದರು ಅಲ್ಲಿದ್ದ ಹಿರಿಯರು. ಆಕೆಗೆ ಹೋದ ಜೀವ ಬಂದಂತಾಯಿತು. ಹತ್ತು ಸಲ ಕೈಮುಗಿದು ಹೊರಬಂದಳು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆಗಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪಿನ ಮುಚ್ಚಳ ತೆರೆದಾಗ ಅದು ಏನನ್ನೂ ಕೇಳದೆ ತೆರೆದುಕೊಂಡಿತು. ದಿನಕ್ಕೆ ಇಪ್ಪತ್ತು ಸಲ ಪಾಸ್‌ವರ್ಡ್ ಒತ್ತುವುದು ಬೇಸರವೆಂದು, ಮಲಗಿದ ಯಂತ್ರ ಎದ್ದಾಗ ಗುರುತು ಕೇಳದಂತೆ ಆಕೆಯೇ ಮಾಡಿಟ್ಟಿದ್ದಳು. ಪರದೆಯ ಮೇಲೆ ಒಬ್ಬ ಬಿಚ್ಚಾಣಿಕೆದಾರರ ಪಾಸ್‌ಪುಸ್ತಕದ ಹಾಳೆ. ಅದನ್ನು ಬೆಳಿಗ್ಗೆ ತಾನೇ ತೆರೆದಿಟ್ಟಿದ್ದಳೇ? ಇಲ್ಲವೆ ಬೇರೆ ಯಾರಾದರೂ ತೆರೆದರೇ? ಎಷ್ಟು ನೆನೆದರೂ ನೆನಪಾಗಲೊಲ್ಲದು. ಕಂಡಕ್ಟರು ಸಜ್ಜನರು, ನಿಲ್ದಾಣದವರು ಸಜ್ಜನರು. ಆದರೆ ಅಟ್ಟದ ಮೇಲಿದ್ದ ಚೀಲ ಕಂಡಕ್ಟರ ಕಣ್ಣಿಗೆ ಬೀಳುವ ಮುನ್ನ ಯಾರ ಕಣ್ಣಿಗೆ ಬಿದ್ದಿತ್ತು? ಅಷ್ಟು ಹೊತ್ತಿನಲ್ಲಿ ಒಂದು ಮೊಬೈಲು ಆ ಪರದೆಯ ಚಿತ್ರಗಳನ್ನು ತೆಗೆದುಕೊಂಡಿದ್ದರೆ?

ರಾತ್ರಿ ಊಟಕ್ಕೆ ಕುಳಿತಾಗ ಮಗಳ ಮುಖ ನೋಡಿ ತಂದೆ ವಿಚಾರಿಸಿದರು. ಆಕೆ ಎಲ್ಲವನ್ನೂ ಹೇಳಿದಳು.

“ಸಿಕ್ಕಿತಲ್ಲಪ್ಪಾ, ಇನ್ನೇನು?” ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು.

“ಟ್ರಂಕು ಸಿಕ್ಕಿತು. ಒಳಗಿನ ಗಂಟು ನಿನ್ನದೇನಮ್ಮಾ?”

“ಅಲ್ಲ.”

“ಇನ್ನೊಬ್ಬರ ಇಡುಗಂಟು. ಹಾಗಾದರೆ ಅವರಿಗೆ ಹೇಳಬೇಕು ಕಣಮ್ಮಾ.”

ಆ ರಾತ್ರಿ ಆಕೆಗೆ ನಿದ್ರೆ ಬರಲಿಲ್ಲ. ಬೆಳ್ಳಿಯ ಚೊಂಬು ಕಳೆದು ಸಿಕ್ಕಿದರೆ, ಸಿಕ್ಕಿತು. ವಿಷಯ ಅಲ್ಲಿಗೆ ಮುಗಿಯಿತು. ಚೊಂಬು ಏಕಕಾಲದಲ್ಲಿ ಎರಡು ಕಡೆ ಇರಲಾರದು. ಬರಹದ ಸ್ವಭಾವ ಬೇರೆ. ಅದನ್ನು ಕದ್ದವನು ಅದನ್ನು ಅಲ್ಲಿಯೇ ಬಿಟ್ಟು ಹೋಗಬಲ್ಲ. ಗುಟ್ಟು ಒಮ್ಮೆ ಹೊರಗೆ ಹೋದುದಾದರೆ, ಚೀಲ ಮರಳಿದರೂ ಅದು ಮರಳುವುದಿಲ್ಲ. ಹೋಯಿತೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ.

ಇಂಥ ಸಂಕಟಕ್ಕೆ ಸಿಕ್ಕಿದವರಲ್ಲಿ ದೊಡ್ಡ ಸರ್ಕಾರಗಳೂ ಉಂಟು. ಅಮೆರಿಕದಲ್ಲಿ ನಿವೃತ್ತ ಸೈನಿಕರ ಹಿತ ನೋಡಿಕೊಳ್ಳುವ ಇಲಾಖೆಯ ನೌಕರನೊಬ್ಬ ಕಚೇರಿಯ ದತ್ತಾಂಶವನ್ನು ಮನೆಗೆ ಒಯ್ದಿದ್ದ. 2006ರ ಮೇ ತಿಂಗಳಿನಲ್ಲಿ ಅವನ ಮನೆಗೆ ಕಳ್ಳರು ನುಗ್ಗಿ, ಲ್ಯಾಪ್‌ಟಾಪನ್ನೂ ದತ್ತಾಂಶ ತುಂಬಿದ್ದ ಹೊರ ಡಿಸ್ಕನ್ನೂ ಒಯ್ದರು. ಅದರಲ್ಲಿ ಸುಮಾರು 2 ಕೋಟಿ 65 ಲಕ್ಷ ಜನರ ಹೆಸರು, ಹುಟ್ಟಿದ ದಿನ, ಸಾಮಾಜಿಕ ಭದ್ರತಾ ಸಂಖ್ಯೆಗಳಿದ್ದವು, ಯಾವುದೂ ಗೂಢಲಿಪಿಯಲ್ಲಿರಲಿಲ್ಲ. ಇಲಾಖೆಯು ಈ ಸುದ್ದಿಯನ್ನು ಜನರಿಗೆ ತಿಳಿಸಲು ಎರಡು ವಾರಗಳಿಗೂ ಮಿಕ್ಕಿ ಕಾಲ ತೆಗೆದುಕೊಂಡಿತು. ಕಳ್ಳತನಕ್ಕಿಂತ ಈ ಮೌನವೇ ಜನರ ಕೋಪಕ್ಕೆ ಹೆಚ್ಚು ಕಾರಣವಾಯಿತೆಂದರೂ ತಪ್ಪಲ್ಲ. ಜೂನ್ ಕೊನೆಯಲ್ಲಿ ಯಂತ್ರ ಸಿಕ್ಕಿತು. ತಜ್ಞರು ಪರೀಕ್ಷಿಸಿ, ಯಾರೂ ದತ್ತಾಂಶವನ್ನು ಮುಟ್ಟಿದಂತೆ ಕಾಣುವುದಿಲ್ಲವೆಂದರು. ಅಷ್ಟಾದರೂ ಪ್ರಕರಣ ಮುಗಿಯಲಿಲ್ಲ. 2009ರಲ್ಲಿ ಇಲಾಖೆಯು ವ್ಯಾಜ್ಯವನ್ನು 2 ಕೋಟಿ ಡಾಲರು ಕೊಟ್ಟು ಬಗೆಹರಿಸಿಕೊಳ್ಳಬೇಕಾಯಿತು. ಸಿಕ್ಕಿದ ಯಂತ್ರಕ್ಕೆ ತೆತ್ತ ಬೆಲೆಯಿದು!

ಮರುದಿನ ಆಕೆ ಶಿಡ್ಲಘಟ್ಟಕ್ಕೆ ಹೋಗಿ, ಮನೆಮನೆಗೂ ತಿರುಗಿ, ನಡೆದುದನ್ನು ನಡೆದಂತೆ ಹೇಳಿದಳು. ಚಿಂತಾಮಣಿಯಲ್ಲಿದ್ದ ನಾಲ್ಕೈದು ಮಂದಿಗೂ ಹೇಳಿದಳು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯಲ್ಲಿಯೂ, ದತ್ತಾಂಶಕ್ಕೆ ಭಂಗ ಬಂದರೆ ಸಂಬಂಧಪಟ್ಟವರಿಗೆ ತಿಳಿಸಬೇಕೆಂಬ ವಿಧಿಯುಂಟು. ಆದರೆ ಆಕೆಯನ್ನು ಮನೆಮನೆಗೆ ನಡೆಸಿದುದು ಕಾಯಿದೆಯಲ್ಲ, ತಂದೆಯ ಒಂದು ಮಾತು. ಬ್ಯಾಂಕಿನ ಖಾತೆಯ ಮೇಲೆ ಕಣ್ಣಿಡಿರಿ, ಯಾರಾದರೂ ಫೋನು ಮಾಡಿ ನಿಮ್ಮ ಖಾತೆಯ ವಿವರವನ್ನು ನಿಮಗೇ ಹೇಳಿ ಓಟಿಪಿ ಕೇಳಿದರೆ ಕೊಡಬೇಡಿರಿ, ಹಣ ಹೋದಂತೆ ಕಂಡರೆ ಕೂಡಲೇ 1930ಕ್ಕೆ ಫೋನು ಮಾಡಿರಿ ಎಂದು ಪ್ರತಿಯೊಬ್ಬರಿಗೂ ತಿಳಿಸಿದಳು.

ಒಬ್ಬರು ಏನೂ ಮಾತನಾಡದೆ ತಮ್ಮ ಕಾಗದಪತ್ರಗಳನ್ನೆಲ್ಲ ಹಿಂದಕ್ಕೆ ಕೇಳಿ ಪಡೆದರು. ಕೆಲವರಿಗೆ ಅದೇನೆಂದೇ ತಿಳಿಯಲಿಲ್ಲ. ಮೂವತ್ತು ವರ್ಷಗಳಿಂದ ಬಿಚ್ಚಾಣಿಕೆಯ ಕಸುಬಿನಲ್ಲಿದ್ದ ವೃದ್ಧ ಸಾಹೇಬರೊಬ್ಬರು ಮಾತ್ರ ಕುದಿಯುವ ಬಾಣಲೆಯ ಆವಿಯ ಆಚೆಯಿಂದ ತಲೆಯೆತ್ತಿ, “ಹೇಳಿದೆಯಲ್ಲ ಬೇಟಿ, ಅದು ಸರಿ. ಇನ್ನೊಂದು ಸಲ ಹೀಗೆ ಹೇಳೋದಕ್ಕೆ ಬರಬೇಡ” ಎಂದರು. ಆಕೆಗೆ ಹೋದ ಲೆಕ್ಕದವರಿಗಿಂತ ಈ ಮಾತೇ ಹೆಚ್ಚು ನಾಟಿತು.

ಇನ್ನೊಂದು ಸಲ ಬಾರದಿರುವ ಉಪಾಯವಾದರೂ ಯಾವುದು? ಲ್ಯಾಪ್‌ಟಾಪನ್ನು ಎಂದೂ ಮರೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಬಹುದು. ಮರೆಯುವವರೆಲ್ಲ ಅಂಥ ಪ್ರತಿಜ್ಞೆ ಮಾಡಿದವರೇ. ಮರೆತರೂ, ಕಳೆದರೂ, ಕದ್ದರೂ ಒಳಗಿನ ಗಂಟು ಬಿಚ್ಚಬಾರದು: ವ್ಯವಸ್ಥೆ ಆಗಬೇಕಾದುದು ಹಾಗೆ.

ಮೊದಲು ಆಕೆ ಮಾಡಿದುದು, ಮುಚ್ಚಳ ತೆರೆದೊಡನೆ ಪಾಸ್‌ವರ್ಡ್ ಕೇಳುವಂತೆ ಯಂತ್ರವನ್ನು ಮತ್ತೆ ಹೊಂದಿಸಿದುದು. ಆದರೆ ಚಿಕ್ಕಬಳ್ಳಾಪುರದಲ್ಲಿ ಗಣಕಗಳನ್ನು ರಿಪೇರಿ ಮಾಡುವ ತರುಣನೊಬ್ಬ ಅದನ್ನು ಕೇಳಿ ನಕ್ಕುಬಿಟ್ಟ. “ಮೇಡಂ, ಅದು ಬಾಗಿಲಿನ ಬೀಗ ಮಾತ್ರ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಬಾಗಿಲೇ ಬೇಕಾಗಿಲ್ಲ, ಗೋಡೆ ಒಡೆದಂತೆ” ಎಂದ. ಇದಕ್ಕೆ ಇರುವ ಪರಿಹಾರ ಡಿಸ್ಕಿನ ಮೇಲಿನ ಬರಹವನ್ನೆಲ್ಲ ಗೂಢಲಿಪಿಗೆ ತಿರುಗಿಸುವುದು. ವಿಂಡೋಸಿನಲ್ಲಿ ಬಿಟ್‌ಲಾಕರ್, ಆಪಲ್ ಯಂತ್ರಗಳಲ್ಲಿ ಫೈಲ್‌ವಾಲ್ಟ್ ಎಂಬ ಹೆಸರಿನಲ್ಲಿ ಈ ಏರ್ಪಾಡು ದೊರೆಯುತ್ತದೆ. ಹಲವು ಯಂತ್ರಗಳಲ್ಲಿ ಇದು ಆಗಲೇ ಇದ್ದರೂ ಮಾಲೀಕರಿಗೆ ಗೊತ್ತಿರುವುದಿಲ್ಲ.

ಉಪಾಧ್ಯಾಯರಿಗೆ ಇದನ್ನು ತಿಳಿಯಹೇಳಲು ಮಗಳು ಶಿಡ್ಲಘಟ್ಟದ ಗೂಡನ್ನೇ ಉಪಮಾನಕ್ಕೆ ತೆಗೆದುಕೊಂಡಳು. ಒಂದು ರೇಷ್ಮೆಗೂಡಿನಲ್ಲಿ ನೂರಾರು ಮೀಟರು ಉದ್ದದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲಿಸಿ, ಎಳೆಯ ತುದಿಯನ್ನು ಹಿಡಿದರೆ ಕೊನೆಯವರೆಗೂ ತೊಡಕಿಲ್ಲದೆ ಬಿಚ್ಚಿಕೊಳ್ಳುತ್ತದೆ. ತುದಿ ಸಿಗದೆ ಕತ್ತರಿ ಹಾಕಿದರೆ ಕೈಗೆ ಬರುವುದು ನೂಲಲ್ಲ, ಚಿಂದಿ. ಗೂಢಲಿಪಿಯೂ ಹಾಗೆಯೇ, ತುದಿಯೆಂದರೆ ಅದರ ಕೀಲಿ. ತಂದೆ ಉಪಾಧ್ಯಾಯರಾದುದರಿಂದ ಉಪಮಾನವನ್ನು ಸುಮ್ಮನೆ ಬಿಡಲಿಲ್ಲ. “ಗೂಡಿನ ತುದಿಯನ್ನು ಕಸುಬುದಾರನಾದ ಯಾವನೂ ಹುಡುಕಬಲ್ಲ. ನಿನ್ನ ಕೀಲಿಯನ್ನೂ ಹುಡುಕಿಯಾನಲ್ಲ?” ಎಂದರು. ಕೀಲಿ ಚಿಕ್ಕದಾಗಿದ್ದರೆ ಹುಡುಕಬಲ್ಲ. ಮಗಳ ಹೆಸರು, ಹುಟ್ಟಿದ ವರ್ಷ, ಒಂದು ಎರಡು ಮೂರು ನಾಲ್ಕು, ಇಂಥವುಗಳನ್ನೇ ಅವನು ಮೊದಲು ಹುಡುಕುವುದು. ಆಕೆ ತನ್ನ ಪಾಸ್‌ವರ್ಡನ್ನು ಒಂದಕ್ಕೊಂದು ಸಂಬಂಧವಿಲ್ಲದ ಐದು ಮಾತುಗಳ ಉದ್ದನೆಯ ಸಾಲಾಗಿ ಕಟ್ಟಿದಳು. ಅದನ್ನು ತಂದೆಗೂ ಹೇಳಲಿಲ್ಲ. ತಂದೆ ಕೇಳಲೂ ಇಲ್ಲ.

ಇಷ್ಟು ಭದ್ರವಾದ ಗೂಡಿಗೆ ಒಂದು ಅಪಾಯವುಂಟು: ಒಡೆಯನೇ ತುದಿಯನ್ನು ಕಳೆದುಕೊಂಡರೆ ಅವನಿಗೂ ನೂಲು ಇಲ್ಲ. ಅದಕ್ಕಾಗಿ ಬಿಟ್‌ಲಾಕರ್ 48 ಅಂಕಿಗಳ ಒಂದು ಮರುಪ್ರಾಪ್ತಿಯ ಕೀಲಿಯನ್ನು ಕೊಡುತ್ತದೆ. ಆಕೆ ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಗೌರಿಬಿದನೂರಿನ ಮನೆಯ ಕಬ್ಬಿಣದ ಬೀರುವಿನಲ್ಲಿ ಇಟ್ಟಳು. ಅದನ್ನೇ ಲ್ಯಾಪ್‌ಟಾಪಿನ ಚೀಲದಲ್ಲಿ ಇಟ್ಟುಕೊಂಡು ತಿರುಗುವುದು ಬೀಗದ ಕೈಯನ್ನು ಬೀಗಕ್ಕೇ ಕಟ್ಟಿದಂತೆ. ಅಜ್ಜನ ಉಡಿದಾರದ ನಿಯಮ ಹೀಗೆ ಮತ್ತೆ ಮನೆಗೆ ಬಂತು.

ಹಣ ಒಂದೇ ಕಡೆ ಇರಬಾರದೆಂಬ ನಿಯಮವೂ ಹಿಂದೆಯೇ ಬಂತು. ಕಳೆದುಕೊಂಡ ಆ ಎರಡು ಗಂಟೆಗಳಲ್ಲಿ ಆಕೆಯನ್ನು ಸುಟ್ಟ ಇನ್ನೊಂದು ಚಿಂತೆ, ಆ ಲೆಕ್ಕಗಳಿಗೆ ಬೇರೆ ಪ್ರತಿಯೇ ಇರಲಿಲ್ಲವೆಂಬುದು. ಈ ವಿದ್ಯೆ ತಿಳಿದವರ ಸೂತ್ರ ಮೂರು, ಎರಡು, ಒಂದು: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿಯೋ ಬೇರೆ ಕಟ್ಟಡದಲ್ಲಿಯೋ. ಈಗ ಆಕೆಯ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಮನೆಯ ಬೀರುವಿನಲ್ಲಿರುವ ಹೊರ ಡಿಸ್ಕಿನಲ್ಲಿ, ಇನ್ನೊಂದು ದೂರದ ಸರ್ವರಿನಲ್ಲಿ. ಹೊರ ಡಿಸ್ಕಿಗೂ ಗೂಢಲಿಪಿ ತಪ್ಪಲಿಲ್ಲ. ಟ್ರಂಕಿಗೆ ಬೀಗ ಹಾಕಿ, ಅದೇ ಒಡವೆಯನ್ನು ಜಗಲಿಯ ಮೇಲೆ ಇಟ್ಟರೆ ಏನು ಬಂತು?

ಪ್ರಯಾಣದ ದಿನ ಆಕೆ ಯಂತ್ರವನ್ನು ಮಲಗಿಸುವುದಿಲ್ಲ, ಪೂರ್ತಿ ಆರಿಸುತ್ತಾಳೆ. ಮಲಗಿದ ಯಂತ್ರದ ಸ್ಮೃತಿಯಲ್ಲಿ ಕೀಲಿ ಇನ್ನೂ ಉಳಿದಿರುತ್ತದೆ. ಆರಿಸಿದಾಗಲೇ ಗೂಡು ಪೂರ್ತಿ ಮುಚ್ಚಿಕೊಳ್ಳುವುದು. ಯಂತ್ರದ ಕ್ರಮಸಂಖ್ಯೆಯೂ ಕೊಂಡ ರಸೀತಿಯೂ ಬೀರುವಿನಲ್ಲಿವೆ. ಪೊಲೀಸರಿಗೆ ದೂರು ಕೊಡುವ ಪ್ರಸಂಗ ಬಂದರೆ ಮೊದಲು ಕೇಳುವುದು ಅವನ್ನೇ. ಕಳೆದುಹೋದುದು ಗೊತ್ತಾದ ಗಳಿಗೆಯಲ್ಲಿ ಮಾಡಬೇಕಾದುದನ್ನೂ ಬರೆದಿಟ್ಟಿದ್ದಾಳೆ: ಮೊದಲು ಇ-ಮೇಲಿನ ಪಾಸ್‌ವರ್ಡ್ ಬದಲಿಸುವುದು, ಏಕೆಂದರೆ ಬೇರೆ ಎಲ್ಲ ಖಾತೆಗಳ ಬಾಗಿಲೂ ಅದರ ಮೂಲಕವೇ ತೆರೆಯುತ್ತದೆ, ಅನಂತರ ಆ ಯಂತ್ರದಲ್ಲಿ ತೆರೆದಿರುವ ಖಾತೆಗಳಿಂದೆಲ್ಲ ದೂರದಿಂದಲೇ ಹೊರಬರುವುದು, ಅನಂತರ ಬ್ಯಾಂಕು, ಪೊಲೀಸು. ಚೀಲದ ಒಳಗೆ ಒಂದು ಚೀಟಿ. ಅದರಲ್ಲಿ ಆಕೆಯ ಹೆಸರೂ ಕಚೇರಿಯ ಫೋನು ಸಂಖ್ಯೆಯೂ ಮಾತ್ರ. ಚಿಂತಾಮಣಿಯ ಆ ಹಿರಿಯರ ಮಾತನ್ನು ಆಕೆ ಮರೆಯಲಿಲ್ಲ.

ಬಸ್ಸಿನಲ್ಲಿ ಲ್ಯಾಪ್‌ಟಾಪು ತೆರೆಯುವುದನ್ನೂ ಬಿಟ್ಟಿದ್ದಾಳೆ. ಪಕ್ಕದವರು ಕೊಂಡ ಪತ್ರಿಕೆಯನ್ನು ಹೆಗಲ ಮೇಲಿನಿಂದ ಓದಿ ಮುಗಿಸುವುದು ಈ ನಾಡಿನ ಹಳೆಯ ಹಕ್ಕು. ವಾರಪತ್ರಿಕೆಯ ಧಾರಾವಾಹಿಗೆ ಅಂಥ ಓದುಗರೇ ಅರ್ಧ ಮಂದಿ. ಅವರು ಪರದೆಯನ್ನು ಮಾತ್ರ ನೋಡದೆ ಬಿಡುವರೆಂದು ನಂಬುವುದು ಹೇಗೆ? ದಾರಿಯಲ್ಲಿ ಕೆಲಸ ಮಾಡಲೇಬೇಕಾದರೆ, ಯಾರದೆಂದು ಗೊತ್ತಿಲ್ಲದ ವೈಫೈಗಿಂತ ತನ್ನ ಫೋನಿನ ಇಂಟರ್‌ನೆಟ್ಟನ್ನೇ ಬಳಸುತ್ತಾಳೆ.

ಎಲ್ಲಕ್ಕಿಂತ ಹೆಚ್ಚಿನ ಬದಲಾವಣೆ ಬೇರೊಂದು. ಅದಕ್ಕೆ ಕಾರಣ ತಂದೆಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು, ಬಸ್ಸಿಗೆ ಹಣವಿಲ್ಲದೆ, ಎಂಬತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಎರಡು ದಿನ ಕಾಲ್ನಡಿಗೆಯಲ್ಲಿ ಕ್ರಮಿಸಿದರು. ಮುಂದೆ ಭೌತವಿಜ್ಞಾನಿಗಳಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಉಪಾಧ್ಯಾಯರು ಈ ಕಥೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿ, ಈಗ ಮಗಳಿಗೆ ಹೇಳುತ್ತಾ, “ನಡೆದು ಹೋಗುವವನು ಬೇಡದ ಹೊರೆಯನ್ನು ಹೊರುವುದಿಲ್ಲ. ನೀನು ಬಸ್ಸಿನಲ್ಲಿ ಹೋಗುತ್ತೀ, ಅದಕ್ಕೇ ನಲವತ್ತು ಮನೆ ಹೊತ್ತುಕೊಂಡು ತಿರುಗುತ್ತೀ. ಇವತ್ತು ಎಷ್ಟು ಮನೆಗೆ ಹೋಗೋದು?” ಎಂದರು.

ಅಂದು ಆಕೆ ಹೋಗಬೇಕಾಗಿದ್ದುದು ಮೂರು ಮನೆಗಳಿಗೆ.

ಆಗಿನಿಂದ ಹೊರಡುವ ಹಿಂದಿನ ರಾತ್ರಿ ಆಕೆ ಮರುದಿನಕ್ಕೆ ಬೇಕಾದ ಲೆಕ್ಕಗಳನ್ನು ಮಾತ್ರ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಾಳೆ. ಕೆಲಸ ಮುಗಿಸಿ ಬಂದ ಮೇಲೆ ತೆಗೆದುಬಿಡುತ್ತಾಳೆ. ಉಳಿದವರ ಇಡುಗಂಟು ಮನೆಯಲ್ಲಿಯೇ. ಅರ್ಧ ಗಂಟೆಯ ಕೆಲಸ ಹೆಚ್ಚಾಯಿತು. ಕಾಗದಪತ್ರ ಹಿಂದಕ್ಕೆ ಪಡೆದ ಆ ಬಿಚ್ಚಾಣಿಕೆದಾರರು ಮತ್ತೆ ಬರಲಿಲ್ಲ. ಮಾರುಕಟ್ಟೆಯ ಬಳಿ ಎದುರಾದಾಗ ನಮಸ್ಕಾರ ಮಾಡಿದರೆ ಮಾತ್ರ ತಲೆದೂಗಿ ಮುಂದೆ ಹೋಗುತ್ತಾರೆ. ಅದನ್ನು ಆಕೆ ಅನ್ಯಾಯವೆಂದು ಎಣಿಸುವುದಿಲ್ಲ.

ಮೊನ್ನೆ ಬೆಳಿಗ್ಗೆ ಗೌರಿಬಿದನೂರಿನ ಮನೆಯ ಬಾಗಿಲಲ್ಲಿ ನಿಂತು ತಂದೆ ಎಂದಿನಂತೆ ಕೇಳಿದರು: “ಆರಿಸಿದೆಯಾ?”

“ಆರಿಸಿದೆ.”

“ಚೀಟಿ?”

“ಒಳಗಿದೆ.”

“ಮೊಸರನ್ನ?”

“ಅದನ್ನ ಅಟ್ಟದ ಮೇಲೆ ಇಡ್ತೀನಪ್ಪಾ” ಎಂದು ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಅವುಚಿಕೊಂಡು ಮಗಳು ಬಸ್ ನಿಲ್ದಾಣದ ಕಡೆಗೆ ನಡೆದಳು. ಆಕೆ ಬೀದಿಯ ತಿರುವನ್ನು ದಾಟುವವರೆಗೂ ನೋಡುತ್ತಿದ್ದ ಉಪಾಧ್ಯಾಯರು ಒಳಗೆ ಬಂದು, ಬೀರುವಿನ ಬೀಗವನ್ನು ಒಮ್ಮೆ ಜಗ್ಗಿ ನೋಡಿದರು.